ಪಟ್ಟಿಯ ತುಂಬ ಒಂದೇ ಬೋರು

ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೇಡಂ ಅವರ ಮನೆ ಖಾಲಿ ಮಾಡಲು ಅವರ ಅಣ್ಣ ಲಿಂಗಸುಗೂರಿನಿಂದ ಸಣ್ಣದೊಂದು ಗಾಡಿ ತಂದಿದ್ದರು. ಗಾಡಿ ಅರ್ಧವೂ ತುಂಬಲಿಲ್ಲ. ಕಬ್ಬಿಣದ ಮಂಚ, ಗಾದಿ, ಪುಸ್ತಕದ ಗಂಟುಗಳು, ಎರಡು ಕೊಡ, ಗೋಡೆಯ ಮೇಲಿದ್ದ ಬುದ್ಧನ ಪಟ. ಕಂಪ್ಯೂಟರನ್ನು ಮೇಡಂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದರು. ಅಣ್ಣ ಅದನ್ನು ಅರಿವೆ ಸಮೇತ ಎತ್ತಿ ಮಡಿಲಲ್ಲಿಟ್ಟುಕೊಂಡು ಡ್ರೈವರನ ಪಕ್ಕ ಕೂತರು. "ಇದರಾಗ ಆಕಿದು ಏನೇನೈತೋ, ನಮಗ ತಗದು ನೋಡಾಕ ಬರಂಗಿಲ್ರೀ ಅಕ್ಕಾರ" ಅಂದರು. ನನಗೂ ಬರುವುದಿಲ್ಲ. ಗಾಡಿ ಓಣಿ ದಾಟಿದ ಮೇಲೆ ನಾನು ಮೇಲೆ ಹೋಗಿ ನೆಲ ಒರೆಸಿದೆ. ಟೇಬಲ್ಲಿನ ಕಾಲಿದ್ದ ಜಾಗದಲ್ಲಿ ನಾಲ್ಕು ಗುರುತು ಉಳಿದಿದ್ದವು, ಒರೆಸಿದರೂ ಹೋಗಲಿಲ್ಲ.

ಅವರನ್ನು ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಲಿಂಗಸುಗೂರು ಕಡೆಯ ಒಂದು ಕೇರಿಯಲ್ಲಿ ಹುಟ್ಟಿ ಬೆಳೆದು, ಹಾಸ್ಟೆಲ್ಲುಗಳಲ್ಲಿದ್ದು ಸಂಖ್ಯಾಶಾಸ್ತ್ರ ಓದಿದವರು. ಸಿಂಧನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಷ್ಟು ವರ್ಷವಾದರೂ ಅತಿಥಿಯೇ. ಉಳಿದ ಹೊತ್ತಿನಲ್ಲಿ ಯಾವುದಾದರೂ ಯೋಜನೆಯವರಿಗೆ ಅಂಕಿಅಂಶದ ಕೆಲಸ ಮಾಡಿಕೊಡುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ನಮ್ಮ ಅತ್ತೆ ಒಮ್ಮೆ ಕೇಳಿಯೇಬಿಟ್ಟರು. "ಪಾಳಿ ಬರಲಿಲ್ರೀ ಅಮ್ಮಾರ" ಎಂದು ನಕ್ಕು ಮೆಟ್ಟಿಲು ಹತ್ತಿದರು.

ನಮ್ಮ ಮನೆ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿದೆ. ಸುಗ್ಗಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಹೊಟ್ಟಿನ ಧೂಳು ಕೂರುತ್ತದೆ. ಬಂದ ಮೊದಲ ವರ್ಷವೇ ಅವರ ಕಂಪ್ಯೂಟರಿನ ಫ್ಯಾನು ಕಟ್ಟಿಕೊಂಡಿತು. ರಿಪೇರಿ ಮಾಡಿಸಿ ತಂದವರು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾರ, ನಿಮ್ಮ ಸಿಂಧನೂರಾಗ ಕಂಪ್ಯೂಟರಿಗೂ ತೌಡು ತಿನಸ್ತೀರಲ್ರೀ!" ಎಂದಿದ್ದರು. ಸೀರೆಯ ತುಂಡು ಸುತ್ತುವ ರೂಢಿ ಆಗಿನಿಂದ ಬಂದದ್ದು.

ಕನ್ನಡಕವನ್ನು ಅವರು ಬೆರಳಿನಿಂದ ಮುಟ್ಟುತ್ತಿರಲಿಲ್ಲ, ಮಣಿಕಟ್ಟಿನ ಹಿಂಬದಿಯಿಂದ ಮೇಲೆ ನೂಕುತ್ತಿದ್ದರು. ರೊಟ್ಟಿ ಬಡಿಯುವ ಹೆಂಗಸರು ಹಿಟ್ಟಿನ ಕೈಯಲ್ಲಿ ಹಾಗೆ ಮಾಡುತ್ತಾರೆ. ಅವರ ಕೈಗೆ ಹಿಟ್ಟು ಹತ್ತಿರುತ್ತಿರಲಿಲ್ಲ, ಆದರೂ ಹಾಗೆಯೇ. ಚಹಾ ಕುಡಿಯುವಾಗ ಮಾತಾಡುತ್ತಿರಲಿಲ್ಲ. ಕುಡಿದಾದ ಮೇಲೆ, "ಹಾಂ, ಈಗ ಹೇಳ್ರಿ" ಅನ್ನುತ್ತಿದ್ದರು.

ಸಂಜೆ ಐದಾರು ಡಿಗ್ರಿ ಹುಡುಗಿಯರು ಪಾಠಕ್ಕೆ ಬರುತ್ತಿದ್ದರು. ಆರ್ ಎಂಬ ಒಂದೇ ಅಕ್ಷರದ ಹೆಸರಿನ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಲೆಕ್ಕ, ಸರಾಸರಿ, ನಕ್ಷೆ ಎಲ್ಲ ಅದರಲ್ಲಿ ಮಾಡುತ್ತಾರಂತೆ. ನಾನು ಬಟ್ಟೆ ತೆಗೆಯುವ ನೆಪದಲ್ಲಿ ಮಾಳಿಗೆಗೆ ಹೋದವಳು ಬಾಗಿಲಿಗೆ ಆತು ನಿಂತುಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಓದುವಾಗ ಗಣಿತದ ಸಿಸ್ಟರ್ ಕಂಡರೆ ನಡುಗುತ್ತಿದ್ದವಳು ನಾನು. ಇವರ ಪಾಠ ಮಾತ್ರ ಕೇಳಬೇಕೆನಿಸುತ್ತಿತ್ತು.

ಒಂದು ದಿನ ಒಬ್ಬ ಹುಡುಗಿ ಅಳುವ ಮುಖ ಮಾಡಿದ್ದಳು. ಊರ ಹೆಸರು, ತಾರೀಖು, ಅಳತೆ ಎಲ್ಲವನ್ನೂ ಒಂದರಲ್ಲೇ ಸುರಿದಿದ್ದಳಂತೆ. ವಾಪಸ್ ತೆಗೆದರೆ ತಾರೀಖು ಹೋಗಿ ಯಾವುದೋ ಅಂಕಿ ಬರುತ್ತಿತ್ತು.

"ಬರದಾ ಮತ್ತೇನ್ ಮಾಡ್ತದ?" ಅಂದರು ಮೇಡಂ. "ಎಲ್ಲಾರನ್ನೂ ಒಂದ ಚೀಲಕ್ಕ ತುರುಕಿದಿ. ಚೀಲದಾಗ ಒಂದ ನಮೂನಿ ಕಾಳು ಇರ್ತಾವ. ತಾರೀಖು ತನ್ನತನ ಬಿಟ್ಟು ಅಂಕಿ ಆತು. ಪಟ್ಟಿ ಮಾಡು ಲೇ, ಪಟ್ಟಿ. ಪಟ್ಟಿ ಅಂದ್ರ ಸಾಲುಮನಿ ಇದ್ದಂಗ. ಒಬ್ಬೊಬ್ಬರದು ಒಂದೊಂದು ಖೋಲಿ. ಯಾರೂ ಇನ್ನೊಬ್ಬರಂಗ ಆಗೂ ಜರೂರತ್ತಿಲ್ಲ."

"ಹಾಕೂದು ಬಂತ್ರೀ ಮೇಡಂ. ತಗಿಯಾಕ ಬರವಲ್ದು."

"ಹಾಕೂದು ಹಗುರ. ಎಲ್ಲಾರೂ ಹಾಕ್ತಾರ. ತಗದು ನೋಡಬೇಕು, ಹಾಕಿದ್ದ ಬಂತೋ ಇಲ್ಲೋ ಅಂತ."

ಈ ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಉಪ್ಪಿನಕಾಯಿ ಜಾಡಿ ಮುಚ್ಚುವಾಗಲೂ ಹೇಳಿ ನಗಿಸಿದ್ದುಂಟು.

ಅವರ ಕೈಗೆ ನೀರಿನ ಯೋಜನೆ ಬಂದದ್ದು ಅದೇ ಕಾಲದಲ್ಲಿ. ಮಸ್ಕಿ, ಲಿಂಗಸುಗೂರು ಕಡೆಯ ಕೆಲವು ಹಳ್ಳಿಗಳಲ್ಲಿ ಕೈಪಂಪಿನ ಬೋರುಗಳ ನೀರು ಪರೀಕ್ಷೆ ಮಾಡಿ, ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಎಷ್ಟಿದೆ ನೋಡಿ, ಕುಡಿಯಬಹುದಾದ ಪಂಪಿಗೆ ಹಸಿರು ಬಣ್ಣ, ಬೇಡದ್ದಕ್ಕೆ ಕೆಂಪು ಬಣ್ಣ ಬಳಿಯುವ ಕೆಲಸ. ಹುಡುಗರು ಜೀಪಿನಲ್ಲಿ ಹೋಗಿ ಬಾಟಲಿ ತುಂಬಿ ತರುತ್ತಿದ್ದರು, ಪ್ರಯೋಗಾಲಯದವರು ಅಂಕಿ ಕಳಿಸುತ್ತಿದ್ದರು, ಯಾವ ಪಂಪಿಗೆ ಯಾವ ಬಣ್ಣ ಎಂದು ಹೇಳುವುದು ಮೇಡಂ ಬರೆದ ಪ್ರೋಗ್ರಾಮು.

ಅದರ ಬಗ್ಗೆ ಅವರಿಗೆ ಎಷ್ಟು ಖುಷಿಯಿತ್ತು! "ನೋಡ್ರಿ ಅಕ್ಕಾರ, ಒಂದೊಂದು ಬೋರೂ ಇಲ್ಲಿ ಒಂದೊಂದು ವಸ್ತು. ತನ್ನ ಆಳ ಎಷ್ಟು, ತನ್ನ ನೀರಿನ್ಯಾಗ ಏನೈತಿ, ಎಲ್ಲಾ ತನ್ನ ಹೊಟ್ಟ್ಯಾಗ ಇಟ್ಕೊಂಡಿರ್ತದ. ನಾ ಬರೇ ಕೇಳ್ತೀನಿ, ಕುಡೀಬಹುದೇನಪಾ ಅಂತ. ಅದಾ ಹೇಳ್ತದ. ಒಂದು ಊರಿನ ಬೋರೆಲ್ಲಾ ಒಂದು ಪಟ್ಟ್ಯಾಗ. ಊರಿಗೊಂದು ಪಟ್ಟಿ." ಪರದೆಯ ಮೇಲೆ ಹೆಸರುಗಳ ಸಾಲು: ಅಗಸಿ ಬೋರು, ಗುಡಿ ಬೋರು, ಕೇರಿ ಬೋರು, ಶಾಲೆ ಬೋರು. ಮನುಷ್ಯರನ್ನು ತೋರಿಸುವ ಹಾಗೆ ಒಂದೊಂದನ್ನೂ ಬೆರಳಿಟ್ಟು ತೋರಿಸಿದ್ದರು.

ಮಸ್ಕಿ ತಾಲೂಕಿನ ಒಂದು ಹಳ್ಳಿಗೆ ಬಣ್ಣ ಬಳಿಯುವ ದಿನ ತಾವೇ ಹೋಗಿದ್ದರು. ಊರ ಹೆಸರು ಬರೆಯುವುದಿಲ್ಲ. ಅಲ್ಲಿ ಎಲ್ಲ ಬೋರೂ ಹಸಿರು ಎಂದಿತ್ತು ಪ್ರೋಗ್ರಾಮು, ಕೇರಿಯದೂ. ಕೇರಿಯ ಹೆಂಗಸರು ಅಲ್ಲಿಯತನಕ ಸವುಳು, ಉಪ್ಪುಪ್ಪು ಅಂತ ತಮ್ಮ ಬೋರು ಬಿಟ್ಟು ಶಾಲೆ ಬೋರಿಗೆ ಹೋಗಿ, ಉಳಿದವರ ಕೊಡ ತುಂಬುವವರೆಗೆ ದೂರ ನಿಂತು ಕಾಯುತ್ತಿದ್ದರಂತೆ. ಮೇಡಂ ಅವರ ನಡುವೆ ನಿಂತು, "ಇನ್ನ ಯಾರ ಪಾಳಿನೂ ಕಾಯಬ್ಯಾಡ್ರಿ. ನಿಮ್ಮ ಬೋರಿನ ನೀರು ಚೊಲೋ ಐತಿ, ಮಕ್ಕಳಿಗೂ ಕುಡಸ್ರಿ" ಎಂದು ಹೇಳಿಬಂದರು. ಅವತ್ತು ಸಂಜೆ ನಮ್ಮ ಮನೆಗೆ ಒಂದು ಪೊಟ್ಟಣ ಜಿಲೇಬಿ ತಂದರು. ಕೇಳಿದರೆ, "ಸುಮ್ನ ರೀ" ಎಂದರು.

ವರ್ಷಗಳು ಹೋದವು. ಯೋಜನೆ ಮುಗಿಯಿತು, ಜೀಪಿನ ಹುಡುಗರು ಬೇರೆ ಬೇರೆ ಕೆಲಸ ಹಿಡಿದರು. ಹೋದ ವರ್ಷ ಅದೇ ಕೇರಿಯಲ್ಲಿ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಮೇಡಂಗೆ ಕರೆ ಬಂತು. ಹೋದರು. ವಾಪಸ್ ಬಂದವರು ಚಹಾ ಬೇಡವೆಂದರು. ನಮ್ಮ ಹೊಸ್ತಿಲ ಹತ್ತಿರವೇ ಕೂತರು.

"ಅಕ್ಕಾರ, ಅಲ್ಲೊಂದು ಹುಡುಗಿ ಐತ್ರೀ. ನಾ ಬಣ್ಣ ಬಳಿಸಿದಾಗ ಅವರವ್ವನ ಕಂಕುಳಾಗ ಇತ್ತು. ಈಗ ಹಾಲುಹಲ್ಲು ಬಿದ್ದು ಹೊಸಾವು ಬಂದಾವ. ನಗಬೇಕಾದ್ರ ಬಾಯಿಗೆ ಕೈ ಅಡ್ಡ ಇಟ್ಕೊಳ್ತದ. ಯಾಕವ್ವಾ ಅಂತ ಕೈ ತಗಸಿದೆ. ಹಲ್ಲು ಸುಣ್ಣದಂಗ, ಮ್ಯಾಲ ಕಂದು ಗೆರಿ. ಆಕಿ ಒಬ್ಬಾಕೆ ಅಲ್ಲ. ಆ ವಾರಿಗಿ ಹುಡುಗರು ಎಲ್ಲಾ. ಶಾಲಿ ಓಣಿ ಹುಡುಗರವು ಬೆಳ್ಳಗ ಅದಾವ" ಎಂದರು.

ಮೇಲೆ ಹೋಗಿ ಹಳೆಯ ಪ್ರೋಗ್ರಾಮು ತೆಗೆದರು. ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟು ತೆಗೆದುಕೊಂಡು ಹೋದಾಗ ತಪ್ಪು ಸಿಕ್ಕಿತ್ತು. ನನಗೆ ತಿಳಿಯಲಿ ಅಂತಲೋ, ಯಾರಿಗಾದರೂ ಹೇಳಬೇಕಿತ್ತಂತಲೋ, ಕೂಡಿಸಿಕೊಂಡು ಹೇಳಿದರು.

"ನಿಮ್ಮ ತವರಿನ್ಯಾಗ ಒಂದ ಫೋನ್ ಐತೆಲ್ರೀ? ನಿಮ್ಮ ಮೊಬೈಲಿನ್ಯಾಗ ಏನಂತ ಸೇವ್ ಮಾಡೀರಿ?"

"ಅಪ್ಪಾಜಿ ಅಂತ ಒಂದು, ಅವ್ವ ಅಂತ ಒಂದು, ತಮ್ಮನ ಹೆಸರಿಗೊಂದು."

"ಮೂರೂ ಒಂದ ನಂಬರು. ಯಾವ ಹೆಸರು ಒತ್ತಿದ್ರೂ ಗಂಟಿ ಹೊಡೆಯೂದು ಒಂದ ಫೋನು. ನನ್ನ ಪಟ್ಟಿನೂ ಹಂಗ ಆಗೇತಿ. ಒಂದು ಊರಿಗೆ ಒಂದ ಬೋರು ಹುಟ್ಟಿಸಿ, ಅದರ ಹೊಟ್ಟ್ಯಾಗಿನ ಅಂಕಿ ಬದಲು ಮಾಡಕೋತ ಮಾಡಕೋತ, ಬ್ಯಾರೆ ಬ್ಯಾರೆ ಹೆಸರಿಲೆ ಪಟ್ಟಿಗೆ ಹಾಕೀನಿ. ಈ ಭಾಷೆಯಾಗ ಉಳಿದ ಸಾಮಾನು ಹಂಗ ಹಾಕಿದ್ರ ನಕಲಾಗಿ ಒಳಗ ಹೋಗತಾವ. ಈ ನಮೂನಿ ವಸ್ತು ಹೋಗಂಗಿಲ್ಲ. ಇದಕ್ಕ ಬ್ಯಾರೆ ಕಾಪಿ ಮಾಡು ಅಂತ ನಾವಾ ಹೇಳಬೇಕು. ತಿಂಗಳಾ ತಿಂಗಳಾ ಹೊಸಾ ಅಂಕಿ ತುಂಬಾಕ ಸರಳ ಆಗತದ ಅಂತ ಈ ನಮೂನಿ ಆರಿಸಿಕೊಂಡಾಕಿ ನಾನ. ಕಾಪಿ ಅನ್ನೋ ಒಂದು ಮಾತು ಬರೀಲಿಲ್ಲ."

ಪಟ್ಟಿಯಲ್ಲಿ ಹೆಸರು ಎಲ್ಲ ಇದ್ದವು, ಬೋರು ಒಂದೇ ಇತ್ತು, ಕಡೆಗೆ ಹಾಕಿದ್ದು. ಎಲ್ಲ ಊರಲ್ಲೂ ಜೀಪಿನ ಹುಡುಗರು ಕೊನೆಯ ಬಾಟಲಿ ತುಂಬುತ್ತಿದ್ದದ್ದು ಶಾಲೆಯ ಬೋರಿನದು. ಅಲ್ಲಿ ಬೇವಿನ ನೆರಳಿತ್ತು, ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಆ ಹಳ್ಳಿಯ ಶಾಲೆ ಬೋರಿನ ನೀರು ಒಳ್ಳೆಯದು. ಆ ಒಳ್ಳೆಯ ಅಂಕಿಯೇ ಅಗಸಿಗೂ ಗುಡಿಗೂ ಕೇರಿಗೂ ಕೂತಿತು. ಪ್ರಯೋಗಾಲಯ ಕಳಿಸಿದ ಮೂಲ ಅಂಕಿಯಲ್ಲಿ ಕೇರಿಯ ನೀರು ಕುಡಿಯುವಂಥದ್ದೇ ಅಲ್ಲ.

"ಊರಿನ ಸರಾಸರಿ ತಗದು ನೋಡಿದೆ, ಸರಿ ಅನಿಸ್ತು. ಒಂದೊಂದಾಗಿ ತಗದು ನೋಡಲಿಲ್ಲ" ಎಂದರು. ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ಮೇಲೆ ನೂಕಲಿಲ್ಲ. ಉಪ್ಪಿಟ್ಟು ತಟ್ಟೆಯಲ್ಲಿ ಹಾಗೇ ಆರಿತು.

ಯೋಜನೆಯ ಕಚೇರಿಗೆ ಹೋದರು. ಯೋಜನೆ ಮುಚ್ಚಿಹೋಗಿದೆ, ಈಗ ಯಾಕೆ ಕೆದಕುತ್ತೀರಿ, ನಿಮ್ಮ ಹೆಸರೇ ಕೆಡುತ್ತದೆ ಎಂದರಂತೆ ಅಲ್ಲಿಯ ದೊಡ್ಡವರು. ಉಳಿದ ಊರುಗಳ ತಿದ್ದಿದ ಅಂಕಿಯನ್ನೆಲ್ಲ ಅವರ ಮೇಜಿನ ಮೇಲಿಟ್ಟು ಬಂದರು. ಆಮೇಲೆ ಪೇಟೆಗೆ ಹೋಗಿ ಒಂದು ಡಬ್ಬಿ ಕೆಂಪು ಬಣ್ಣ ತಂದರು. "ಅಕ್ಕಾರ, ನನ್ನ ಜೋಡಿ ಬರ್ತೀರೇನು?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ.

ಮಸ್ಕಿಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಬಣ್ಣದ ಡಬ್ಬಿಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದಿದ್ದರು. ಕೇರಿಯಲ್ಲಿ ಆ ಹುಡುಗಿಯ ಅಜ್ಜಿ ಚಾಪೆ ಹಾಸಿದಳು. ನಾಲ್ಕಾರು ಜನ ಸೇರಿದರು. ಮೇಡಂ ಕೂರಲಿಲ್ಲ, ನಿಂತೇ ಹೇಳಿದರು. ಹುಡುಗಿಯ ತಾಯಿಗೆ ಮೊದಲು ತಿಳಿಯಲಿಲ್ಲ.

"ಅಂದ್ರ, ನಮ್ಮ ಬೋರಿನ ನೀರು ನೀ ನೋಡೇ ಇಲ್ಲನು?"

"ಬಾಟಲಿ ತುಂಬಿದ್ದು ಖರೆ, ನೋಡಿದ್ದೂ ಖರೆ. ಕಂಪ್ಯೂಟರಿನ ಪಟ್ಟ್ಯಾಗ ಹಾಕಬೇಕಾದ್ರ ಶಾಲಿ ಬೋರಿನ ಅಂಕಿ ಎಲ್ಲಾದರ ಮ್ಯಾಲ ಕುಂತುಬಿಡ್ತು."

"ಮಷೀನು ಕೆಟ್ಟಿತ್ತೇನು?"

"ಇಲ್ಲವ್ವಾ. ನಾನ ತಪ್ಪು ಬರದಿದ್ದೆ."

ಗೋಡೆಗೆ ಆತು ಬೀಡಿ ಸೇದುತ್ತಿದ್ದ ಒಬ್ಬಾತ ನಕ್ಕ. "ಕಂಪ್ಯೂಟರಿನಾಗೂ ಅವರ ಬೋರು ಮುಂದ, ನಮ್ಮ ಬೋರು ಪಾಳಿಗೆ ನಿಂತೈತಿ ಅನ್ನು!" ಯಾರೂ ನಗಲಿಲ್ಲ.

ಮೇಡಂ ಬಣ್ಣದ ಡಬ್ಬಿ ಬಿಚ್ಚಲು ಹೋದಾಗ ಆ ತಾಯಿ ಅಡ್ಡ ಬಂದಳು. "ಬ್ಯಾಡ. ಕೆಂಪು ಬಳದು ನೀ ಸಂಜಿ ಬಸ್ಸಿಗೆ ಸಿಂಧನೂರಿಗೆ ಹೋಗ್ತಿ. ನಾವು ಕೊಡ ತಗೊಂಡು ಎಲ್ಲಿಗೆ ಹೋಗಬೇಕು? ಹಸಿರು ಬಳದಾಗಿಂದ ಶಾಲಿ ಬೋರಿನ ಹಂತೇಕ ನಿಂದ್ರಗೊಟ್ಟಿಲ್ಲ ಅವರು. ನಿಮ್ಮದು ಚೊಲೋ ಐತಂತಲ್ಲ, ಇಲ್ಯಾಕ ಬಂದ್ರಿ ಅಂತಾರ."

"ಈಗ ಕೆಂಪು ಆತು ಅಂದ್ರ ಬಿಡಬೇಕಾಗ್ತದ ಅವರು."

"ಯಾರು ಬಿಡಸ್ತಾರ? ನೀ ಬಂದು ನಿಂದ್ರತಿ?"

"ನಿಂದ್ರತೀನಿ."

ಅಜ್ಜಿ ಅಷ್ಟು ಹೊತ್ತೂ ಎಲೆ ಅಡಿಕೆ ಕುಟ್ಟುತ್ತಿದ್ದಳು. ತಲೆ ಎತ್ತದೆ, "ಬಳೀಲಿ ಬಿಡ. ಹುಡುಗರಿಗೆ ಗೊತ್ತರ ಆಗಲಿ" ಎಂದಳು. ಮೇಡಂ ಬಳಿದರು. ಒಂದೇ ಪದರು ಸಾಲಲಿಲ್ಲ, ಹಿಡಿಕೆಯ ಹತ್ತಿರ ಕೆಳಗಿನ ಹಸಿರು ಕಾಣುತ್ತಿತ್ತು. ಮತ್ತೊಂದು ಸಲ ಬಳಿದರು. ಹುಡುಗಿ ದೂರ ನಿಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡುತ್ತಿತ್ತು.

ಅಂದಿನಿಂದ ಪ್ರತಿ ಭಾನುವಾರ ಮೇಡಂ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಖಾಲಿ ಕೊಡ ಹಿಡಿದು ಕೇರಿಯ ಹೆಂಗಸರ ಜೊತೆ ಶಾಲೆ ಬೋರಿನ ಪಾಳಿಯಲ್ಲಿ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಕೊಡ ನೋಡಿ ಕಂಡಕ್ಟರ್, "ಏನ್ರೀ ಮೇಡಂ, ಸಿಂಧನೂರಾಗ ಕಾಲುವಿ ಬತ್ತಿತೇನು?" ಎಂದು ಚುಡಾಯಿಸಿದ್ದನಂತೆ. ಓದಿದ ಹೆಂಗಸು, ಕಾಲೇಜಿನ ಮೇಡಂ, ಮೊಬೈಲು ಕೈಯಲ್ಲಿದೆ. ಆ ಊರಿನವರು ಬಾಯಿ ಮುಚ್ಚಿಕೊಂಡು ಜಾಗ ಬಿಟ್ಟರು. ವಾರದ ಉಳಿದ ದಿನಗಳಲ್ಲೂ ನಿಧಾನಕ್ಕೆ ಬಿಡತೊಡಗಿದರು. ಭಾನುವಾರ ಬಂದು ಕೇಳುತ್ತಾಳೆಂಬ ಅಂಜಿಕೆ. ಒಮ್ಮೆ ಮಾತ್ರ ಯಾರೋ ಮುದುಕ, "ನಿಂದೂ ಅದಾ ಕೇರಿ ಏನು?" ಎಂದು ಕೇಳಿದನಂತೆ. "ಹೌದ್ರೀ ಯಜ್ಜಾ, ಬ್ಯಾರೆ ಊರಿನ ಅದಾ ಕೇರಿ" ಎಂದು ಹೇಳಿ ಕೊಡ ತುಂಬಿಕೊಂಡರಂತೆ. ನನಗೆ ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ.

ಕೇರಿಗೆ ನಳ ಹಾಕಿಸಿಕೊಡಿ ಎಂದು ಮಸ್ಕಿಯ ಕಚೇರಿಗಳಿಗೂ ಅಲೆದರು. ಪಾಠ ನಿಲ್ಲಿಸಲಿಲ್ಲ, ಆದರೆ ದನಿ ಬದಲಾಯಿತು. ಹುಡುಗಿಯರು ಏನಾದರೂ ಮಾಡಿ ತೋರಿಸಿದರೆ ಶಹಬ್ಬಾಸ್ ಅನ್ನುತ್ತಿದ್ದವರು ಈಗ, "ಒಂದೊಂದಾಗಿ ತಗದು ತೋರಸು" ಅನ್ನುತ್ತಿದ್ದರು. ಎಲ್ಲ ತೋರಿಸುವವರೆಗೆ ಮನೆಗೆ ಬಿಡುತ್ತಿರಲಿಲ್ಲ. ಹುಡುಗಿಯರು ಕಡಿಮೆಯಾದರು.

ಈ ಮಳೆಗಾಲದಲ್ಲಿ ಜ್ವರ ಬಂತು. ಎರಡು ದಿನ ಗುಳಿಗೆ ನುಂಗಿ, ಭಾನುವಾರ ಹೋಗಿಯೇ ಬಂದರು. ಬೈದೆ. "ಹೋಗ್ಲಿಲ್ಲಂದ್ರ ಸೋಮವಾರಕ್ಕ ಬಿಡಂಗಿಲ್ರೀ ಅವರು" ಎಂದು ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಡೆಂಗ್ಯೂ ಎಂದು ಗೊತ್ತಾಗುವಷ್ಟರಲ್ಲಿ ಮೈಯೆಲ್ಲ ಗಂಧೆ. ನಮ್ಮ ಯಜಮಾನರೇ ಕಾರು ಮಾಡಿಸಿ ರಾಯಚೂರಿಗೆ ಕರೆದೊಯ್ದರು. ಅಲ್ಲಿಂದ ಮೇಡಂ ವಾಪಸ್ ಬರಲಿಲ್ಲ. ಲಿಂಗಸುಗೂರಿನ ಕಡೆ ಅವರ ಊರಲ್ಲೇ ಮಣ್ಣು ಮಾಡಿದರು. ನಾನು ಹೋಗಿದ್ದೆ. ಮುಖಕ್ಕೆ ಕನ್ನಡಕ ಇರಲಿಲ್ಲವಾಗಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ಅವರ ಅಣ್ಣ ಸಾಮಾನು ಒಯ್ದ ಮರುವಾರ, ಮಧ್ಯಾಹ್ನ, ಗೇಟಿನ ಸಪ್ಪಳವಾಯಿತು. ಕೇರಿಯ ಆ ಅಜ್ಜಿ, ಜೊತೆಗೆ ಮೊಮ್ಮಗಳು. ಮಸ್ಕಿಯಿಂದ ಬಸ್ಸಿಗೆ ಬಂದು ದಾರಿ ಕೇಳುತ್ತ ಕೇಳುತ್ತ ಮನೆ ಹಿಡಿದಿದ್ದರು.

"ನಮ್ಮ ತಂಗಿ ಅದಾಳೇನವ್ವಾ? ನಾಕು ವಾರ ಆತು, ಬಂದಿಲ್ಲ."

ನಾನು ಅವರನ್ನು ಒಳಗೆ ಕರೆದು ಕೂಡಿಸಿ ಹೇಳಿದೆ. ಅಜ್ಜಿ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ, "ಅದಕ್ಕ ಅವರಿಗೆ ಧೈರ್ಯ ಬಂದೈತಿ ಬಿಡು" ಅಂದಳು. "ಯಾರಿಗೆ ರೀ?" ಎಂದು ಕೇಳಿದೆ.

"ಶಾಲಿ ಓಣ್ಯಾವರಿಗೆ. ಎರಡು ಭಾನುವಾರ ನೋಡಿದ್ರು, ಈಕಿ ಬರಲಿಲ್ಲ. ಮೂರನೇದಕ್ಕ ಕೊಡ ಎತ್ತಿ ಒಗದ್ರು. ಈಗ ಮತ್ತ ಕೆಂಪಿಂದನ ಕುಡ್ಯಾಕತ್ತೀವಿ."

"ನಳದ್ದು ಏನಾತು?"

"ಆಕಿಗೇ ಗೊತ್ತಿತ್ತವ್ವ ಅದು. ನಮಗೇನ್ ತಿಳೀತದ."

ಚಹಾ ಕೊಟ್ಟೆ. ಹುಡುಗಿಗೆ ಬಿಸ್ಕತ್ತು ಕೊಟ್ಟೆ. ಕೈ ಅಡ್ಡ ಹಿಡಿದೇ ತಿಂದಿತು. ಹೊರಡುವ ಹೊತ್ತಿಗೆ ಅಜ್ಜಿ ಚೀಲದಿಂದ ಒಂದು ಖಾಲಿ ಎಣ್ಣೆ ಕ್ಯಾನು ತೆಗೆದಳು, ಚೆನ್ನಾಗಿ ತೊಳೆದದ್ದು. "ತಪ್ಪು ತಿಳ್ಕೋಬ್ಯಾಡ. ನಿಮ್ಮನಿ ನೀರು ಚೊಲೋ ಇರ್ತದಂತ ಆಕಿ ಹೇಳ್ತಿದ್ಳು. ಬಸ್ಸು ಹೆಣ್ಮಕ್ಕಳಿಗೆ ಪುಕಟ ಐತಿ, ಹೊರೂದೊಂದ."

ಅಡುಗೆಮನೆಯ ಫಿಲ್ಟರಿಗೆ ಕ್ಯಾನು ಹಿಡಿದೆ. ಸಣ್ಣ ನಳ, ತುಂಬಲು ಬಹಳ ಹೊತ್ತು ಬೇಕು. "ಮನ್ಯಾಗ ಎಷ್ಟು ಜನ ಅದೀರಿ? ಇನ್ನೊಂದು ಡಬ್ಬಿ ಕೊಡ್ಲೇನು?" ಎಂದು ಕೇಳಿದೆ.

"ಬ್ಯಾಡ ಯವ್ವಾ. ಇದು ಈಕಿಗಷ್ಟ" ಅಂದಳು ಅಜ್ಜಿ. "ನಮಗ ಅದಾ ನಡೀತದ."